ಕರವಸ್ತ್ರ ಬೀಳುವವರೆಗೆ

ಸತ್ತವನ ಪಾಲಿನ ಬಿಸ್ಕತ್ತು ತಿಂದು ಮುಗಿಸಿದ ಮೇಲೆ ಪೆಲ್ ಕಾವಲಿನವನನ್ನು ಕೂಗಿ, ರೂಬನ್ ಟಲ್ಲಿ ಸತ್ತಿದ್ದಾನೆ ಎಂದು ತಿಳಿಸಿದ.

ಯಾವಾಗ ಸತ್ತ ಎಂದು ಕಾವಲಿನವನು ಕೇಳಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ. ರಾತ್ರಿ ಸತ್ತವನನ್ನು ಬೆಳಗಿನ ಪಾಲು ಹಂಚಿ ಆಗುವವರೆಗೆ ತೂಗುಹಾಸಿಗೆಯಲ್ಲೇ ಕಂಬಳಿ ಹೊದಿಸಿ ಬದುಕಿಸಿ ಇಟ್ಟುಕೊಳ್ಳುವುದು, ಅವನ ಪಾಲನ್ನು ಎಡಬಲದ ಹಾಸಿಗೆಯವರು ಹಂಚಿಕೊಳ್ಳುವುದು, ಆಲ್ಬಿನಾ ಹಡಗಿನ ಕೈದಿಗಳು ತಮ್ಮತಮ್ಮಲ್ಲೇ ಮಾಡಿಕೊಂಡಿದ್ದ ಕಾನೂನು. ರೂಬನ್‌ನ ಬಲಕ್ಕೆ ಪೆಲ್, ಎಡಕ್ಕೆ ಸ್ಕೆಗ್ಸ್. ಗಂಜಿ ಸ್ಕೆಗ್ಸ್‌ಗೆ ಹೋಯಿತು, ಬಿಸ್ಕತ್ತು ಪೆಲ್‌ಗೆ ಬಂತು. ಅದರಲ್ಲಿ ಹುಳು ಇತ್ತು. ಹಲಗೆಗೆ ಕುಟ್ಟಿ ಉದುರಿಸಿ, ಉದುರದೆ ಉಳಿದದ್ದನ್ನು ನೋಡದೆ ತಿಂದ.

ತಿನ್ನುತ್ತಿರುವಾಗಲೇ ರೂಬನ್‌ನ ತಮ್ಮ ಅಮೋಸ್ ಆ ತುದಿಯಿಂದ ಕಾಲಬೇಡಿ ಎಳೆದುಕೊಂಡು ಬಂದಿದ್ದ.

"ಅಣ್ಣ ಎದ್ನಾ, ಮೇಷ್ಟ್ರೇ?"

"ಮಲಗಿದ್ದಾನೆ."

"ಜ್ವರ ಎಂಗದೆ?"

"ಇಳಿದಿದೆ. ಮೈ ತಣ್ಣಗಿದೆ."

"ದ್ಯಾವ್ರು ದೊಡ್ಡೋನು ಬುಡಿ," ಎಂದು ಅಮೋಸ್ ಬಂದ ಹಾಗೇ ಎಳೆದುಕೊಂಡು ಹೋಗಿದ್ದ.

ತಾನು ಆಡಿದ್ದರಲ್ಲಿ ಒಂದೂ ಸುಳ್ಳಿಲ್ಲ ಎಂದು ಪೆಲ್ ಮನಸ್ಸಿನಲ್ಲೇ ಪರೀಕ್ಷಿಸಿಕೊಂಡ. ಈ ಹಡಗಿಗೆ ಬಂದಂದಿನಿಂದ ಅವನು ಸುಳ್ಳು ಹೇಳಿರಲಿಲ್ಲ, ಬೈದಿರಲಿಲ್ಲ, ಯಾರ ಮೇಲೂ ಕೈ ಮಾಡಿರಲಿಲ್ಲ, ಎದುರು ಮಾತಾಡಿರಲಿಲ್ಲ. ಮೂರು ತಿಂಗಳಿಗೊಮ್ಮೆ ಅವನ ಹೆಸರಿನ ಮುಂದೆ ಕ್ಯಾಪ್ಟನ್ ಸಾಹೇಬರು 'ನಡತೆ ಬಹಳ ಒಳ್ಳೆಯದು' ಎಂದು ಬರೆಯುತ್ತಿದ್ದರು. ಆ ಮಾತಿಗೆ ತಕ್ಕವನಾಗಿರುವುದೊಂದೇ ಅವನ ಕಸುಬಾಗಿತ್ತು. ಹೊಟ್ಟೆಯಲ್ಲಿ ಬಿಸ್ಕತ್ತು ಕಲ್ಲಿನ ಹಾಗೆ ಕೂತಿತ್ತು. ಹುಳು ಇನ್ನೂ ಜೀವಂತ ಇದ್ದೀತೆ ಎಂಬ ಯೋಚನೆ ಬಂದು ಬಾಯಲ್ಲಿ ನೀರೂರಿತು, ಹಸಿವಿಗಲ್ಲ.

ಹಿಂದೆ ಸಫೊಕ್ ಸೀಮೆಯ ಒಂದು ಹಳ್ಳಿಯಲ್ಲಿ ಅವನು ಶಾಲೆ ನಡೆಸುತ್ತಿದ್ದ. ಊರಿನ ದೊಡ್ಡ ಮನೆಯ ಮಕ್ಕಳಿಗೆ ಸಂಜೆ ಲ್ಯಾಟಿನ್ ಹೇಳಿಕೊಡಲು ಹೋಗುತ್ತಿದ್ದವನು ಒಂದು ದಿನ ಅಲ್ಲಿನ ಯಜಮಾನನ ಬೆಳ್ಳಿಯ ನಶ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಂದ. ಅವನಿಗೆ ನಶ್ಯದ ಚಟವಿರಲಿಲ್ಲ. ಬೆಳ್ಳಿ ಮಾರುವುದು ಎಲ್ಲಿ ಎಂಬುದೂ ಗೊತ್ತಿರಲಿಲ್ಲ. ಯಾಕೆ ತೆಗೆದೆ ಎಂದು ನ್ಯಾಯಾಧೀಶರು ಕೇಳಿದಾಗ ಉತ್ತರಿಸಲಾಗದೆ ನಿಂತದ್ದನ್ನೇ ಅಹಂಕಾರ ಎಂದುಕೊಂಡು ಏಳು ವರ್ಷ ಗಡೀಪಾರು ಕೊಟ್ಟರು. ಗಡಿ ದಾಟಿಸಲಿಲ್ಲ, ಹಾಯಿಕಂಬಗಳನ್ನು ಕಡಿದು ಬೋಳಾಗಿಸಿದ ಈ ಹಳೆಯ ಯುದ್ಧದ ಹಡಗಿನಲ್ಲಿ, ಥೇಮ್ಸ್ ನದಿಯ ಕೆಸರಿನಲ್ಲಿ, ಸರಪಳಿ ಬಿಗಿದು ಇಟ್ಟುಕೊಂಡರು.

ಪಾದ್ರಿಗಳು ಕರೆಯುತ್ತಾರೆ ಎಂದು ಹೇಳಿಕೆ ಬಂತು.

*

ಪಾದ್ರಿ ಲಾಫ್ಟಸ್ ತಿಂಡಿ ತಿನ್ನುತ್ತಿದ್ದರು. ಎಡಗೈಯಲ್ಲಿ ವಿನೆಗರ್‌ನಲ್ಲಿ ಅದ್ದಿದ ಬಿಳಿಯ ಕರವಸ್ತ್ರ. ಒಂದು ತುತ್ತು ಬಾಯಿಗೆ, ಮರುಕ್ಷಣ ಕರವಸ್ತ್ರ ಮೂಗಿಗೆ. ಹಡಗಿನ ಜ್ವರ ಗಾಳಿಯಲ್ಲಿ ಬರುತ್ತದೆಂದು ಅವರ ನಂಬಿಕೆ. ಜೊತೆಗೆ ಅವರಿಗೆ ನೆಗಡಿಯೂ ಆಗಿತ್ತು.

"ಬಾ ಪೆಲ್. ಬೇಡ, ಅಲ್ಲೇ, ಬಾಗಿಲ ಹತ್ತಿರವೇ ನಿಲ್ಲು. ರೂಬನ್ ಹೋದನಂತೆ."

"ಹೌದು, ಅಯ್ಯನವರೇ."

"ಪಾಪ. ಈ ಸಲದ ಕ್ಷಮಾದಾನದ ಪಟ್ಟಿಯಲ್ಲಿ ಅವನ ಹೆಸರಿತ್ತಪ್ಪ. ಅವನದು, ಅವನ ತಮ್ಮನದು. ಒಕ್ಕಣೆ ಯಂತ್ರ ಒಡೆದವರು ಅಂತ ಮೊದಲು ನನಗೂ ಅವರ ಮೇಲೆ ಸಿಟ್ಟೇ ಇತ್ತು. ಆದರೆ ಎಂಥ ಸಾಧು ಜನ! ಇಬ್ಬರೂ ಒಟ್ಟಿಗೆ ಊರು ಸೇರಲಿ ಅಂತ ನಾನೇ ಹೇಳಿ ಬರೆಸಿದ್ದೆ."

ಪೆಲ್ ತಲೆ ತಗ್ಗಿಸಿದ. ಯಾವ ಮಾತಿಗೆ ಎಷ್ಟು ತಗ್ಗಿಸಬೇಕೆಂಬುದು ಅವನಿಗೆ ಕರತಲಾಮಲಕವಾಗಿತ್ತು. ಕಣ್ಣು ಮಾತ್ರ ತಟ್ಟೆಯಲ್ಲಿ ಒಡೆದು ಹರಿಯುತ್ತಿದ್ದ ಮೊಟ್ಟೆಯ ಹಳದಿಯ ಮೇಲಿತ್ತು.

"ಈಗ ಒಂದು ಜಾಗ ಖಾಲಿ ಬಿತ್ತು," ಎಂದರು ಪಾದ್ರಿ.

ಬೆಳಗಿನಿಂದ ಪೆಲ್‌ಗೆ ಅದು ಗೊತ್ತಿತ್ತು. ಬಹುಶಃ ರಾತ್ರಿ ಪಕ್ಕದಲ್ಲಿ ಉಸಿರು ನಿಂತ ಕೂಡಲೇ ಗೊತ್ತಾಗಿತ್ತು.

"ಖಾಲಿ ಬಿಟ್ಟು ಕಳಿಸಿದರೆ ಕ್ಯಾಪ್ಟನ್ ಸಾಹೇಬರಿಗೆ ಒಳ್ಳೆಯ ಹೆಸರು ಬರೋದಿಲ್ಲ. ಹಡಗಿನ ತುಂಬ ಕ್ಷಮೆಗೆ ಯೋಗ್ಯರಾದವರೇ ಇಲ್ಲವೇನೋ ಅಂದುಕೊಳ್ತಾರೆ ಮಂತ್ರಿಗಳು. ಸಂಜೆ ನೀರೇರುವ ಭರತಕ್ಕೆ ಸಾಹೇಬರು ದೋಣಿಯಲ್ಲಿ ಲಂಡನ್ನಿಗೆ ಹೊರಡುತ್ತಾರೆ. ಪಟ್ಟಿ ಜೊತೆಗೇ ಹೋಗುತ್ತೆ. ನಿನ್ನ ಹೆಸರು ಹೇಳಿದ್ದೀನಿ. ಸಾಹೇಬರು ಇಲ್ಲ ಅನ್ನಲಿಲ್ಲ."

"ತಮ್ಮ ದಯೆ, ಅಯ್ಯನವರೇ."

"ಅಲ್ಲಿಯವರೆಗೆ ಏನೂ ಎಡವಟ್ಟಾಗಬಾರದು ನೋಡು. ಇವತ್ತಿನ ಮಣ್ಣಿಗೆ ನೀನೇ ಮುಂದಾಳು. ಹೋದ ಸಲ ಏನಾಯಿತು ಗೊತ್ತಲ್ಲ?"

ಗೊತ್ತಿತ್ತು. ಜ್ವರ ಶುರುವಾದ ಮೇಲೆ ಪಾದ್ರಿಗಳು ಹೆಣದ ಜೊತೆ ದಡಕ್ಕೆ ಹೋಗುವುದನ್ನು ಬಿಟ್ಟಿದ್ದರು. ಹೆಣ ಆಚೆಯ ಜೌಗಿಗೆ ಹೋಗುತ್ತಿತ್ತು. ಪಾದ್ರಿಗಳು ಹಡಗಿನ ಹಿಂಭಾಗದಲ್ಲೇ ನಿಂತು ಗಾಳಿಗೆ ಪ್ರಾರ್ಥನೆ ಓದುತ್ತಿದ್ದರು. ಮಣ್ಣಿಗೆ ಮಣ್ಣು ಎಂಬಲ್ಲಿಗೆ ಬಂದಾಗ ಕೈಯ ಕರವಸ್ತ್ರವನ್ನು ಕೆಳಗೆ ಬಿಡುವರು. ಅದನ್ನು ಕಂಡು ಆಚೆಯವರು ಪೆಟ್ಟಿಗೆ ಇಳಿಸಬೇಕು. ಹೋದ ಸಲ ಚಳಿ ತಡೆಯಲಾರದೆ ಅವರು ಮೊದಲೇ ಇಳಿಸಿ ಮಣ್ಣು ಎಳೆಯತೊಡಗಿದ್ದರು.

"ಸಾಹೇಬರು ದುರ್ಬೀನಿನಲ್ಲಿ ನೋಡಿ ಎಷ್ಟು ನಕ್ಕರು ಅಂತೀಯ! ನನ್ನ ಪ್ರಾರ್ಥನೆ ಇನ್ನೂ ಅರ್ಧದಲ್ಲಿತ್ತು. ನನಗೆ ಅವಮಾನ, ಸತ್ತವನಿಗೂ ಅವಮಾನ." ಅವರು ಜೋರಾಗಿ ಸೀನಿದರು. "ಕರವಸ್ತ್ರ ಬೀಳುವವರೆಗೆ ಪೆಟ್ಟಿಗೆ ಅಲ್ಲಾಡಬಾರದು. ಆಯಿತಾ?"

"ಆಗಲಿ, ಅಯ್ಯನವರೇ."

"ನೀನಾದ್ದರಿಂದ ನನಗೆ ಯೋಚನೆ ಇಲ್ಲ," ಎಂದು ಪಾದ್ರಿಗಳು ಬ್ರೆಡ್ಡಿನಿಂದ ಮೊಟ್ಟೆಯ ಹಳದಿಯನ್ನು ಒರೆಸಿಕೊಂಡರು.

*

ಪೆಟ್ಟಿಗೆಯನ್ನು ಹಡಗಿನ ಹಳೆಯ ಹಲಗೆಗಳಿಂದಲೇ ಹೊಡೆದಿದ್ದರು. ಸಂದುಗಳಲ್ಲಿ ಬೆರಳು ತೂರುತ್ತಿತ್ತು. ದೋಣಿಯಲ್ಲಿ ಅದರ ಒಂದು ಬದಿಗೆ ಪೆಲ್, ಎದುರಿಗೆ ಅಮೋಸ್, ಹುಟ್ಟು ಹಾಕಲು ಸ್ಕೆಗ್ಸ್. ಮುಂತುದಿಯಲ್ಲಿ, ಬಂದೂಕು ಹಿಡಿದ ಕಾವಲುಗಾರ ಹಾಬ್ಡೇ.

ಸ್ಕೆಗ್ಸ್ ಲಂಡನ್ನಿನ ಜೇಬುಗಳ್ಳ, ಇನ್ನೂ ಎಳೆಯ ಮೀಸೆಯವನು. ಅವನಿಗೆ ಸುಮ್ಮನಿರಲು ಬರುತ್ತಿರಲಿಲ್ಲ.

"ಮೇಷ್ಟ್ರ ಮುಖ ನೋಡ್ರೋ. ಮದುವೆ ಗಂಡು ಇದ್ದ ಹಾಗಿದೆ. ಪಾದ್ರಿ ಏನ್ ಕೊಟ್ರು ಮೇಷ್ಟ್ರೇ, ಮೊಟ್ಟೆನಾ?"

"ಹುಟ್ಟು ಹಾಕು."

"ಕ್ಷಮೆ ಅಂತೆ ಕ್ಷಮೆ. ಹೊರಗೆ ಹೋಗಿ ಏನ್ ಮಾಡ್ತೀರಿ? ಅಲ್ಲಿ 'ಉಣ್ಣು' ಅಂತ ಗಂಟೆ ಬಾರಿಸೋರು ಯಾರಿದಾರೆ ನಿಮಗೆ?"

ಹಾಬ್ಡೇ ನಕ್ಕ. ಎಷ್ಟೋ ರಾತ್ರಿ ಪೆಲ್ ಬಿಡುಗಡೆಯ ದಿನವನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡಿದ್ದ. ದಡಕ್ಕೆ ಇಳಿಯುವುದು ಕಾಣುತ್ತಿತ್ತು. ಒಂದು ರಸ್ತೆ ಕಾಣುತ್ತಿತ್ತು. ರಸ್ತೆಯ ಬದಿಯಲ್ಲಿ ತಾನು ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದ, ನಡೆಯಬಹುದೇ ಎಂದು ಯಾರನ್ನಾದರೂ ಕೇಳಲು. ಅದರಾಚೆ ಏನೂ ಇರುತ್ತಿರಲಿಲ್ಲ. ಆದರೂ ಆ ಕ್ಷಮೆ ಅವನಿಗೆ ಬೇಕಾಗಿತ್ತು. ಉಸಿರು ಬೇಕಾದ ಹಾಗೆ ಬೇಕಾಗಿತ್ತು.

ಅಮೋಸ್ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ:

"ಬೆಳಿಗ್ಗೆ ನಾನು ಬಂದಾಗ ಮಲಗವ್ನೆ ಅಂದ್ರಲ್ಲ ಮೇಷ್ಟ್ರೇ."

"ಮಲಗಿದ್ದ."

"ಆಗ ಇದ್ನಾ?"

"ಕತ್ತಲೆ ಇತ್ತು, ಅಮೋಸ್."

ಅಮೋಸ್ ಬಹಳ ಹೊತ್ತು ಯೋಚಿಸಿ, "ಕತ್ತಲೆ ಇತ್ತು, ಅದೇನೋ ದಿಟ," ಎಂದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು ಪೆಲ್‌ಗೆ. ಈ ಮನುಷ್ಯನ ನಂಬಿಕೆಯಲ್ಲಿ ಎಂಥದೋ ಜಿಗುಟಿತ್ತು, ಮುಟ್ಟಿದರೆ ಕೈಗೆ ಅಂಟುವಂಥದು.

ನೀರು ಇಳಿದಿತ್ತು. ದಡ ತಲುಪುವ ಮೊದಲೇ ದೋಣಿ ಕೆಸರಿನಲ್ಲಿ ಕೂತಿತು. ಮೊಣಕಾಲುದ್ದ ಹೂತುಕೊಂಡು, ಬೇಡಿಯ ಕಾಲು ಕಿತ್ತು ಕಿತ್ತು ಇಡುತ್ತಾ, ಪೆಟ್ಟಿಗೆ ಹೊತ್ತು ನಡೆದರು. ಹೆಜ್ಜೆ ಕಿತ್ತಾಗಲೆಲ್ಲ ಕೆಸರು ತೇಗಿದ ಹಾಗೆ ಸದ್ದು ಮಾಡುತ್ತಿತ್ತು. ಹಳೆಯ ಗುಂಡಿಗಳು ಎಲ್ಲಿವೆ ಎಂದು ಕೆಂಪು ಹೂವಿನ ಒಂದು ಕಳೆಯಿಂದ ಗೊತ್ತಾಗುತ್ತಿತ್ತು. ಬೇರೆಡೆ ಬೆಳೆಯದ ಕಳೆ, ಹೆಣ ಹೂತಲ್ಲಿ ಹುಲುಸಾಗಿ ಎದ್ದಿತ್ತು.

ಒಡ್ಡಿನ ಪಕ್ಕದಲ್ಲಿ ಸ್ವಲ್ಪ ಎತ್ತರದ ಜಾಗ ನೋಡಿ ಅಮೋಸ್ ಅಗೆಯಲು ಶುರುಮಾಡಿದ. ಮೊದಲು ಹುಲ್ಲಿನ ಹೆಂಟೆಗಳನ್ನು ಕತ್ತರಿಸಿ ಒಂದು ಕಡೆ ಒತ್ತಾಗಿ ಇಟ್ಟ. ಹುಟ್ಟಿದಾಗಿನಿಂದ ಕಂಡವರ ನೆಲ ಉತ್ತವನು. ಇದನ್ನೂ ಯಾರದೋ ಹೊಲ ಎಂಬಂತೆ ನಾಜೂಕಾಗಿ ಬಗೆದ. ಒಂದು ಮುಷ್ಟಿ ಮಣ್ಣು ಹಿಂಡಿ ನೋಡಿ ಚೆಲ್ಲಿದ.

"ಸತ್ವ ಇಲ್ಲ. ನಮ್ಮಣ್ಣ ಇಂತಾ ನೆಲದಾಗೆ ಆಲೂಗಡ್ಡೆನೂ ನೆಡ್ತಿರ್ನಿಲ್ಲ."

"ಹಾಗಾದ್ರೆ ವಾಪಸ್ ಕರ್ಕೊಂಡ್ ಹೋಗೋಣ್ವಾ?" ಎಂದ ಸ್ಕೆಗ್ಸ್.

"ಒಣಗಿರೋ ಕಡೆ ಮಲಗಿಸೋ ಅಂತಿದ್ದ," ಎಂದ ಅಮೋಸ್, ಅಗೆಯುತ್ತಲೇ. "ಹಡಗಿನಾಗೆ ಮೈ ಒಣಗಿದ್ದೇ ಇಲ್ಲ ಕಣಪ್ಪಾ ಅಂತಿದ್ದ."

ಗುಂಡಿ ಸೊಂಟದುದ್ದ ಆದಾಗ ತಳದಿಂದ ಕರಿಯ ನೀರು ಜಿನುಗತೊಡಗಿತು.

*

ಹಾಬ್ಡೇ ಒಡ್ಡಿನ ಮರೆಗೆ ಹೋಗಿ ಕೂತು, ಅಂಗಿಯೊಳಗಿಂದ ಜಿನ್ ಬಾಟಲಿ ತೆಗೆದ. ಸಣ್ಣ ಹನಿ ಶುರುವಾಗಿತ್ತು. ಪೆಲ್ ಗುಂಡಿಯ ತಲೆಗೆ ನಿಂತು ಹಡಗನ್ನೇ ನೋಡುತ್ತಿದ್ದ. ನೀರಿನಾಚೆ ಆಲ್ಬಿನಾ ಕಪ್ಪಾಗಿ, ಬಟ್ಟೆ ಒಣಹಾಕಿದ ಹಗ್ಗಗಳ ಸಮೇತ, ಯಾರೋ ಬಿಸಾಡಿದ ಹಳೆಯ ಬುಟ್ಟಿಯಂತೆ ಕೂತಿತ್ತು. ಹಿಂಭಾಗದಲ್ಲಿ ಒಂದು ಸಣ್ಣ ಕಪ್ಪು ಕಡ್ಡಿ ಬಂದು ನಿಂತಿತು. ಪಾದ್ರಿಗಳು.

"ಶುರುವಾಯಿತು. ಟೊಪ್ಪಿ ತೆಗೆಯಿರಿ," ಎಂದ ಪೆಲ್.

ಮೂವರೂ ಟೊಪ್ಪಿ ತೆಗೆದರು. ಪ್ರಾರ್ಥನೆ ಕೇಳಿಸಲಿಲ್ಲ. ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. ಕಪ್ಪು ಕಡ್ಡಿಯ ತುದಿಯಲ್ಲಿ ಒಂದು ಬಿಳಿಯ ಚುಕ್ಕೆ ಮೇಲೇರಿತು, ಇಳಿಯಿತು. ಪುನಃ ಏರಿತು.

"ಬಿತ್ತು!" ಎಂದ ಸ್ಕೆಗ್ಸ್.

"ಇಲ್ಲ. ಮೂಗು ಒರೆಸಿಕೊಂಡರು."

"ಇದೊಳ್ಳೆ ಕತೆ. ಅವರ ನೆಗಡಿ ವಾಸಿಯಾಗೋವರೆಗೂ ನಾವ್ ಇಲ್ಲೇ ನಿಂತಿರೋದಾ?"

ಪೆಲ್ ಕಣ್ಣು ಮಿಟುಕಿಸದೆ ನೋಡಿದ. ಬಿಳಿ ಏರುತ್ತಿತ್ತು, ಇಳಿಯುತ್ತಿತ್ತು. ನೋಡುತ್ತಾ ನೋಡುತ್ತಾ ಇಡೀ ಲೋಕದಲ್ಲಿ ಆ ಚುಕ್ಕೆಯೊಂದೇ ಉಳಿದಂತಾಯಿತು. ಆಗ ಗುಂಡಿಯೊಳಗೆ ಗುಳುಕ್ ಎಂದಿತು. ಅವನು ಬಗ್ಗಿ ನೋಡಿದ. ಗೋಡೆಯ ಒಂದು ಹೆಂಟೆ ಕಳಚಿ ನೀರಿಗೆ ಬಿದ್ದು, ಅದರಿಂದ ಹೊರಬಂದ ಬಿಳಿಯ ಹುಳುವೊಂದು ನೀರಿನ ಮೇಲೆ ಮೈ ನುಲಿಯುತ್ತಿತ್ತು.

ತಲೆಯೆತ್ತಿದಾಗ ಹಡಗಿನ ಹಿಂದೆ ಏನೋ ಬೆಳ್ಳಗೆ ಜಾರಿ ನೀರಿನತ್ತ ಇಳಿಯುತ್ತಿತ್ತು. ಕಪ್ಪು ಕಡ್ಡಿ ತಿರುಗಿ ಒಳಗೆ ಹೋಯಿತು.

"ಈಗಂತೂ ಬಿತ್ತು. ನಾನೇ ನೋಡ್ದೆ," ಎಂದ ಸ್ಕೆಗ್ಸ್.

"ಅದು ಕಡಲಹಕ್ಕಿ."

"ಹಕ್ಕಿ ಹಂಗೆ ಬೀಳ್ತದಾ?"

"ಇಳಿಯುತ್ತೆ."

"ಪಾದ್ರಿ ಒಳಗೆ ಹೋದ್ರಲ್ಲ ಮೇಷ್ಟ್ರೇ! ಮುಗೀದೆ ಹೋಗ್ತಾರಾ?"

"ಮಳೆ ಬಂತು ಅಂತ ಹೋಗಿರಬಹುದು. ಮತ್ತೆ ಬರುತ್ತಾರೆ."

ಒಡ್ಡಿನ ಮರೆಯಲ್ಲಿದ್ದ ಹಾಬ್ಡೇಯನ್ನು ಕೇಳಿದರು. "ನನ್ನೇನ್ ಕೇಳ್ತೀರೋ? ಮುಂದಾಳು ಅವನು," ಎಂಬ ಉತ್ತರ ಬಂತು.

ಬಿದ್ದದ್ದು ಕರವಸ್ತ್ರವೇ ಇರಬಹುದು. ಹಕ್ಕಿಯೂ ಇರಬಹುದು. ಇಳಿಸಿದ ಮೇಲೆ ಪಾದ್ರಿಗಳು ಮತ್ತೆ ಹೊರಗೆ ಬಂದು ಪುಸ್ತಕ ಬಿಚ್ಚಿದರೆ? ಸಾಹೇಬರ ದುರ್ಬೀನು ಈಗಲೇ ತನ್ನ ಬೆನ್ನ ಮೇಲಿದ್ದರೆ? ಪೆಲ್ ಕೈ ಕಟ್ಟಿಕೊಂಡು ನಿಂತ. ಕಾಯುವುದರಲ್ಲಿ ತಪ್ಪಾಗುವುದಿಲ್ಲ. ಇಷ್ಟು ವರ್ಷಗಳಲ್ಲಿ ಅವನು ಕಲಿತದ್ದು ಅದೊಂದೇ.

ಕಾದರು. ಭರತ ಏರತೊಡಗಿತು. ಕೆಸರಿನ ಮೇಲೆ ನೀರು ಸದ್ದಿಲ್ಲದೆ ಹಾಸಿಕೊಂಡು ಒಡ್ಡಿನ ಬುಡಕ್ಕೆ ಬಂತು. ಗುಂಡಿಯಲ್ಲಿ ನೀರು ಮೊಣಕಾಲಿನ ಮಟ್ಟಕ್ಕೆ ನಿಂತಿತು. ಮಳೆ ಪೆಟ್ಟಿಗೆಯ ಸಂದುಗಳಲ್ಲಿ ಇಳಿಯುತ್ತಿತ್ತು.

"ಮೇಷ್ಟ್ರೇ," ಎಂದ ಅಮೋಸ್. "ಇಳ್ಸಾನ."

"ಇನ್ನೂ ಆಗಿಲ್ಲ."

"ನೀರು ತುಂಬ್ತಾ ಅದೆ. ಇನ್ನೊಂದ್ ಗಳಿಗೆ ಆದ್ರೆ ಬಾವಿಗೆ ಹಾಕ್ದಂಗಾಯ್ತದೆ. ಕೈ ಮುಗೀತೀನಿ."

"ನನ್ನ ಕೈಲಿಲ್ಲ, ಅಮೋಸ್."

"ಇನ್ಯಾರ ಕೈಲದೆ? ಇಲ್ಲಿರೋರು ನಾವೇ ಅಲ್ವಾ?"

ಪೆಲ್ ಕಣ್ಣನ್ನು ಮತ್ತೆ ಹಡಗಿನ ಕಡೆ ತಿರುಗಿಸಿದ. ಅಮೋಸ್ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ, ಹವಾಮಾನ ನೋಡುವವನ ಹಾಗೆ. ಆಮೇಲೆ ಬಗ್ಗಿ, ಪೆಟ್ಟಿಗೆಯ ಒಂದು ತುದಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು, ತಾನೊಬ್ಬನೇ ಅದನ್ನು ಗುಂಡಿಯತ್ತ ಎಳೆದ.

"ಹಾಬ್ಡೇ ಸಾಹೇಬ್ರೇ! ಇವನು ಹುಕುಂ ಮೀರ್ತಿದ್ದಾನೆ! ನೋಡಿ ಬನ್ನಿ!"

ಆ ದನಿ ಯಾರದೆಂದು ಪೆಲ್‌ಗೆ ಮೊದಲು ತಿಳಿಯಲಿಲ್ಲ. ಅವನ ಶಾಲೆಯಲ್ಲಿ ಒಬ್ಬ ಹುಡುಗನಿದ್ದ. ಬೇರೆಯವರ ತಪ್ಪನ್ನು ಇದೇ ರಾಗದಲ್ಲಿ ಕೂಗಿ ಹೇಳುತ್ತಿದ್ದ. ಪೆಲ್‌ಗೆ ಆ ಹುಡುಗನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಹಾಬ್ಡೇ ಬಾಯಿ ಒರೆಸಿಕೊಳ್ಳುತ್ತಾ ಓಡಿಬಂದು, ಕೇಳದೆ ನೋಡದೆ, ಬಂದೂಕಿನ ಹಿಡಿಯಿಂದ ಅಮೋಸನ ಬೆನ್ನಿಗೆ ಬಡಿದ. ಅಮೋಸ್ ಹಗ್ಗ ಬಿಡಲಿಲ್ಲ. ಭುಜಕ್ಕೆ ಬಿದ್ದ ಇನ್ನೊಂದು ಏಟಿಗೆ ಮಂಡಿಯೂರಿದ. ಪೆಟ್ಟಿಗೆ ಜಾರಿ, ಕಾಲಿನ ತುದಿ ನೀರಿಗೆ ಇಳಿದು, ತಲೆಯ ತುದಿ ದಂಡೆಗೆ ಒರಗಿ, ಓರೆಯಾಗಿ ನಿಂತಿತು. ಒಳಗೆ ರೂಬನ್ ಸರಕ್ಕನೆ ಜಾರಿದ್ದು ಎಲ್ಲರಿಗೂ ಕೇಳಿಸಿತು.

"ಯಾರೋ ಇಳಿಸು ಅಂದೋರು?"

"ಕರವಸ್ತ್ರ ಇನ್ನೂ ಬಿದ್ದಿಲ್ಲ, ಸಾಹೇಬ್ರೇ," ಎಂದ ಪೆಲ್.

ಹಾಬ್ಡೇ ಹಡಗಿನ ಖಾಲಿ ಹಿಂಭಾಗದತ್ತ ನೋಡಿದ, ಮಳೆಯತ್ತ ನೋಡಿದ. ಪೆಲ್‌ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಅಯ್ಯೋ ನಿನ್ನ ಬುದ್ಧಿಗಿಷ್ಟು," ಎಂದ. "ಇನ್ನು ಭರತಕ್ಕೆ ದೋಣಿ ತೇಲಿ ಹೋದ್ರೆ ನಾವಿಲ್ಲೇ ಕೊಳೀಬೇಕು. ಹಾಕ್ರೋ ಒಳಗೆ."

ಹಾಕಿದರು. ಪೆಟ್ಟಿಗೆ ತೇಲಿತು.

ಸ್ಕೆಗ್ಸ್ ಗುದ್ದಲಿಯಿಂದ ಒತ್ತಿದ. ಈ ತುದಿ ಒತ್ತಿದರೆ ಆ ತುದಿ ಏಳುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ನಗುತ್ತಾ ಕೆಮ್ಮಿದ.

"ಒಬ್ಬ ಹತ್ತಿ ನಿಲ್ರೋ ಅದರ ಮೇಲೆ. ನೀನೇ ಹತ್ತು ಮೇಷ್ಟ್ರೇ. ಹೇಗೂ ಗುದ್ದಲಿ ಹಿಡಿಯೋ ಕೈ ಅಲ್ಲ ನಿಂದು," ಎಂದ ಹಾಬ್ಡೇ.

ಪೆಲ್ ಹತ್ತಿದ. ಹತ್ತು ಎಂದಾಗ ಹತ್ತುವುದು ಅವನಿಗೆ ಸುಲಭವಾಗಿತ್ತು. ಪೆಟ್ಟಿಗೆ ಅವನ ಭಾರಕ್ಕೆ ಒಂದು ಗೇಣು ಇಳಿಯಿತು, ತೂಗಿತು. ಕೈ ಚಾಚಿ ಸಮತೂಕ ಹಿಡಿದ. ಸಂದುಗಳಿಂದ ಗುಳ್ಳೆಗಳು ಏಳತೊಡಗಿದವು, ಒಂದರ ಹಿಂದೆ ಒಂದು, ಕೆಟ್ಟ ವಾಸನೆಯವು. ನಿನ್ನೆ ಸಂಜೆಯವರೆಗೆ ಪಕ್ಕದ ಹಾಸಿಗೆಯಿಂದ ತನಗೆ ಶುಭರಾತ್ರಿ ಹೇಳುತ್ತಿದ್ದ ಮನುಷ್ಯ ಅಂಗಾಲಿನ ಕೆಳಗೆ, ಒಂದು ಹಲಗೆಯ ಕೆಳಗೆ, ನೀರು ಕುಡಿಯುತ್ತಿದ್ದ. ಪೆಲ್ ಕಣ್ಣು ಹಡಗಿನ ಕಡೆ ಇಟ್ಟ. ಈಗಲೂ ಬೀಳಬಹುದು. ಈಗ ಬಿದ್ದರೂ ಎಲ್ಲ ಸರಿಹೋಗುತ್ತದೆ.

ಅಮೋಸ್ ಎದ್ದ. ಒಂದು ಭುಜ ಇಳಿಬಿದ್ದಿತ್ತು. ಒಂದೇ ಕೈಯಿಂದ ಗುದ್ದಲಿ ಹಿಡಿದು ಮಣ್ಣು ಎಳೆಯತೊಡಗಿದ. ಮಣ್ಣು ಪೆಲ್‌ನ ಪಾದದ ಮೇಲೆ, ಕಣಕಾಲ ಮೇಲೆ ಬಿತ್ತು.

"ಇಳೀರಿ ಮೇಷ್ಟ್ರೇ. ಸಾಕು."

"ಇನ್ನೂ ಅಲ್ಲಾಡ್ತಿದೆ."

"ಇಲ್ಲ. ಅದು ಕೂತ್ಕಂತು. ಅಲ್ಲಾಡ್ತಿರೋದು ನಿಮ್ ಕಾಲು."

*

ಹಡಗಿನ ಮೇಲೆ ಪಾದ್ರಿಗಳು ಲವಲವಿಕೆಯಿಂದ ಎದುರಾದರು. ಬಿಸಿ ಬ್ರಾಂದಿ ಅವರ ನೆಗಡಿಗೆ ಹಿತ ಮಾಡಿತ್ತು.

"ಎಲ್ಲ ಸಾಂಗವಾಗಿ ಆಯಿತಾ ಪೆಲ್? ಕರವಸ್ತ್ರ ಬಿಟ್ಟೆ ನೋಡು, ಹಾಳು ಗಾಳಿ, ಸೀದಾ ನದಿಗೇ ಹೋಯಿತು. ಎಷ್ಟು ದೂರ ತೇಲಿತು ಅಂತೀಯ! ಒಳ್ಳೆಯ ಕಸೂತಿ. ನಮ್ಮಕ್ಕ ಹಾಕಿಕೊಟ್ಟದ್ದು."

ಪೆಲ್‌ನ ಹಿಂದೆ ಸ್ಕೆಗ್ಸ್ ಮೆಲ್ಲಗೆ ಸಿಳ್ಳೆ ಹಾಕಿದ.

ಹಾಬ್ಡೇ ಆಗಲೇ ಕ್ಯಾಪ್ಟನ್ ಸಾಹೇಬರ ಮುಂದೆ ನಿಂತು ವರದಿ ಒಪ್ಪಿಸುತ್ತಿದ್ದ. ಒಬ್ಬನ ಭುಜ ಮುರಿದಿರುವಾಗ ಏನಾದರೂ ಹೇಳಲೇಬೇಕಿತ್ತು. ಸಾಹೇಬರು ಪ್ರಯಾಣದ ಉಡುಪಿನಲ್ಲಿದ್ದರು. ಕೈಗವಸು ತೊಡುತ್ತಾ ಕೇಳಿದರು:

"ಪೆಲ್, ನೀನಲ್ಲವಾ ಮುಂದಾಳು? ಇವನು ಸಂಕೇತಕ್ಕೆ ಮೊದಲೇ ಪೆಟ್ಟಿಗೆಗೆ ಕೈಹಾಕಿದನಂತೆ. ನಿಜವಾ?"

ಅಮೋಸ್ ಪಕ್ಕದಲ್ಲೇ ನಿಂತಿದ್ದ. ಕೆಸರು, ಮಳೆ, ಬೆವರು ಸೇರಿದ ಅವನ ವಾಸನೆ ಪೆಲ್‌ಗೆ ಬಡಿಯುತ್ತಿತ್ತು. ಇಲ್ಲ ಎಂದರೆ ಬಿದ್ದ ಕರವಸ್ತ್ರ ತನಗೆ ಕಾಣಲಿಲ್ಲ ಎಂದಾಗುತ್ತದೆ. ತಪ್ಪು ಮಾಡದವನ ಮೇಲೆ ಕೂಗಿ ಹೊಡೆಸಿದ್ದು ಎಂದಾಗುತ್ತದೆ. ಸಾಹೇಬರ ಎಡಗೈಗೆ ಗವಸು ಆಗಿತ್ತು. ಬಲಗೈ ಬಾಕಿ ಇತ್ತು.

"ನಿಜ, ಸಾಹೇಬರೇ. ಮೊದಲೇ ಕೈಹಾಕಿದ. ನಾನು ತಡೆದೆ. ಸಂಕೇತ ಬಿದ್ದ ಮೇಲೆ ಇಳಿಸಿದೆವು."

"ಸಂಕೇತ ನಿನಗೆ ಕಂಡಿತು?"

"ಸ್ಪಷ್ಟವಾಗಿ ಕಂಡಿತು, ಸಾಹೇಬರೇ."

ಅದು ಆ ಹಡಗಿನಲ್ಲಿ ಅವನು ಹೇಳಿದ ಮೊದಲ ಸುಳ್ಳು. ಬಾಯಿಂದ ಹೊರಬಿದ್ದಾಗ ಅದಕ್ಕೂ, ಇಷ್ಟು ವರ್ಷ ಹೇಳಿದ ನಿಜಗಳಿಗೂ ರುಚಿಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಅದೇ ಅವನಿಗೆ ಹೇಸಿಗೆ ಹುಟ್ಟಿಸಿತು.

ಸ್ಕೆಗ್ಸ್‌ನನ್ನು ಕೇಳಿದರು. "ನಾನ್ ಗುಂಡಿ ನೋಡ್ತಿದ್ದೆ ಸ್ವಾಮಿ. ನನ್ನ ಕೆಲಸ ಗುಂಡೀದು," ಎಂದ ಅವನು. ಹಾಬ್ಡೇ ಉಸಿರು ಬಿಗಿಹಿಡಿದಿದ್ದ, ಜಿನ್ ವಾಸನೆ ಹೊರಡದ ಹಾಗೆ.

"ನೀನೇನು ಹೇಳ್ತೀಯ?" ಎಂದು ಸಾಹೇಬರು ಅಮೋಸನತ್ತ ತಿರುಗಿದರು.

ಅಮೋಸ್ ಮಾತು ಹುಡುಕಿದ. ಹುಡುಕುವುದು ಮುಖದಲ್ಲಿ ಕಾಣುತ್ತಿತ್ತು.

"ಮೇಷ್ಟ್ರು ಅಂದ್ಮೇಲೆ ಸರೀನೇ ಇರ್ತದೆ ಸ್ವಾಮಿ. ಬೆಳಿಗ್ಗೆ ಅಣ್ಣನ ಮೈ ತಣ್ಣಗದೆ ಅಂದಾಗ್ಲೂ ನಾನು ಅವರನ್ನ ನಂಬಿದ್ದೆ."

"ಏನು ಹಾಗಂದರೆ?"

"ಏನಿಲ್ಲ ಸಾಹೇಬರೇ," ಎಂದ ಪೆಲ್. "ದುಃಖದಲ್ಲಿದ್ದಾನೆ."

ಸಾಹೇಬರು ಪೆಲ್‌ನ ಮುಖವನ್ನು, ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಬಲಗೈ ಗವಸಿನ ಗುಂಡಿ ಹಾಕಿಕೊಂಡರು. ಅಮೋಸನನ್ನು ತಳದ ಕತ್ತಲೆ ಕೋಣೆಗೆ ಹಾಕಬೇಕೆಂದೂ, ಅವನ ಹೆಸರು ಈ ಸಲ ಹೋಗುವುದಿಲ್ಲವೆಂದೂ ಹೇಳಿದರು. ಪಾದ್ರಿಗಳು ಕೆಮ್ಮಿ, "ಇನ್ನು ಪೆಲ್‌ನದು…" ಎಂದರು.

"ನೋಡೋಣ," ಎಂದರು ಸಾಹೇಬರು. "ಇನ್ನೂ ಹೊತ್ತಿದೆಯಲ್ಲ." ಒಳಗೆ ಹೋದರು.

*

ಊಟಕ್ಕೆ ಎತ್ತಿನ ಕೆನ್ನೆಯ ಸಾರು. ಬೋಗುಣಿಯಲ್ಲಿ ಬೂದು ಬಣ್ಣದ ಕೊಬ್ಬು ಹೆಪ್ಪುಗಟ್ಟಿ ತೇಲುತ್ತಿತ್ತು. ಒಂದು ತುಣುಕಿನ ಮೇಲೆ ರೆಪ್ಪೆಯ ಕೂದಲು ಉಳಿದಿತ್ತು. ಪೆಲ್ ಅದನ್ನು ಬದಿಗೆ ಸರಿಸಿ ಉಳಿದದ್ದನ್ನು ಕುಡಿದ. ಬೋಗುಣಿ ಖಾಲಿ ಮಾಡದವರ ಮೇಲೆ ದೂರು ಹೋಗುತ್ತಿತ್ತು.

ರೂಬನ್‌ನ ತೂಗುಹಾಸಿಗೆಯನ್ನು ಬಿಚ್ಚಿ ಒಯ್ದಿದ್ದರು. ಸ್ಕೆಗ್ಸ್ ಆ ತೆರಪನ್ನು ದಾಟಿ ಬಂದು, ಪೆಲ್‌ನ ಪಕ್ಕಕ್ಕೆ ಒತ್ತಿಕೊಂಡು ಕೂತ. ಮೊದಲ ಬಾರಿಗೆ ಅವನ ದನಿಯಲ್ಲಿ ಗೇಲಿ ಇರಲಿಲ್ಲ.

"ಮೇಷ್ಟ್ರೇ, ಒಂದ್ ಮಾತು. ಅಮೋಸಂದು ಈಗ ಒಂದು ಜಾಗ ಖಾಲಿ ಬಿತ್ತಲ್ಲ."

ಪೆಲ್ ತಲೆಯೆತ್ತಲಿಲ್ಲ.

"ಪಾದ್ರಿ ಕಿವೀಲಿ ನನ್ನ ಹೆಸರು ಒಂದ್ಸಲ ಹಾಕಿ. ನಾನೂ ಏನೂ ನೋಡಿಲ್ಲ ಅಂದ್ನಲ್ಲ? ನಡತೆ ಅಂದ್ರೆ ಇನ್ನೇನ್ ಮತ್ತೆ?"

"ಹೋಗಿ ಮಲಗು."

"ಹೇಳ್ತೀರಾ?"

"ನೋಡೋಣ," ಎಂದ ಪೆಲ್. ಯಾರ ಮಾತಿನ ಹಾಗಿದೆ ಎಂದು ಹೊಳೆಯುವ ಮೊದಲೇ ಸ್ಕೆಗ್ಸ್ ಅವನ ಮೊಣಕಾಲು ತಟ್ಟಿ, ಗೆಳೆಯನಂತೆ ಕಣ್ಣು ಹೊಡೆದು ಹೋದ. ಆ ಕೈ ತಟ್ಟಿದ ಜಾಗವನ್ನು ಪೆಲ್ ಅಂಗಿಯ ತುದಿಯಿಂದ ಉಜ್ಜಿದ. ಉಜ್ಜುತ್ತಲೇ ಇದ್ದ.

ಹೊತ್ತು ಮುಳುಗುವ ಮುಂಚೆಯೇ ಕೈದಿಗಳನ್ನು ಒಳಗೆ ಹಾಕಿ ಮೇಲಿನ ಮುಚ್ಚುಬಾಗಿಲು ಎಳೆದರು. ಬೆಳಕು ಒಂದು ಗೆರೆಯಾಗಿ ಸಣ್ಣಗಾಗಿ ಹೋಯಿತು. ಹೊರಗೆ ಸಾಹೇಬರ ದೋಣಿ ಇಳಿಸುವ ಸದ್ದು, ಹುಟ್ಟುಗಳ ಸದ್ದು. ಅದು ದೂರವಾಗುವ ತನಕ ಪೆಲ್ ಕಿವಿಗೊಟ್ಟು ಮಲಗಿದ್ದ. ಅದರಲ್ಲಿ ತನ್ನ ಹೆಸರು ಹೋಗುತ್ತಿದೆಯೋ ಇಲ್ಲವೋ. ಹೋಗಿದ್ದರೆ ಸಂತೋಷವಾಗಬೇಕು. ಆ ಸಂತೋಷ ಎಲ್ಲಿಂದ ಏಳಬಹುದು ಎಂದು ಮೈಯೆಲ್ಲ ತಡಕಿದ. ಸಾರಿನ ಜಿಡ್ಡೊಂದು ನಾಲಿಗೆಯ ಮೇಲಿತ್ತು, ಅಷ್ಟೇ.

ಭರತ ತುಂಬಿತು. ಕೆಸರು ತನ್ನ ಹಿಡಿತ ಬಿಟ್ಟುಕೊಟ್ಟಿತು; ಆಲ್ಬಿನಾ ಕೆಳಗಿನಿಂದ ಒಮ್ಮೆ ನರಳಿ, ತನ್ನೊಳಗಿನ ಅಷ್ಟೂ ಜನರ ಸಮೇತ ಮೆಲ್ಲಗೆ ತೇಲಿತು. ಸರಪಳಿಗಳು ಬಿಗಿದವು. ಎಲ್ಲೋ ಹಲಗೆಯ ಸಂದಿನಲ್ಲಿ ನೀರು ಒಳಗೆ ಬರುವ ಸಣ್ಣ ಸದ್ದು.

ಪೆಲ್‌ನ ಮುಖದ ನೇರ ಮೇಲೆ, ಒಂದು ಹಲಗೆಯ ಆಚೆ, ಪಹರೆಯವನ ಬೂಟುಗಳು ನಡೆದು ಬಂದವು. ಬಂದು ನಿಂತವು. ಹಲಗೆ ಸ್ವಲ್ಪ ಕೆಳಕ್ಕೆ ಬಾಗಿತು. ಅವು ಮುಂದೆ ಹೋಗಲೆಂದು ಪೆಲ್ ಬಾಯಿ ತೆರೆದು, ಉಸಿರು ಹಿಡಿದು ಕಾದ.

ಬೂಟುಗಳು ಕದಲಲಿಲ್ಲ.